ಕಿವಿಯಿಂದ ಬಂದ ಕವಿತೆ

"ಪದ್ಯ ನಮ್ಮಂಥವರಿಗಲ್ಲ ಸಾರ್, ಅದೇನಿದ್ರೂ ಕನ್ನಡ ಮೇಷ್ಟ್ರುಗಳಿಗೆ" ಅನ್ನುವ ಮಾತನ್ನು ಬ್ಯಾಂಕಿನಲ್ಲಿ ಬಹಳ ಸಲ ಕೇಳಿದ್ದೇನೆ. ತಮಾಷೆ ಅಂದರೆ, ಹಾಗೆ ಹೇಳುವ ಎಷ್ಟೋ ಜನಕ್ಕೆ ಕೆ.ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’ ಬಾಯಿಪಾಠ! ಪದ್ಯ ಬೇಡ ಅನ್ನುವವರ ಬಾಯಿಗೆ ಪದ್ಯ ಬಂದದ್ದು ಹೇಗೆ ಅಂತ ನೋಡಹೊರಟರೆ ಸಿಗುವುದು ಪುಸ್ತಕದಂಗಡಿಯಲ್ಲ, ಟೇಪ್ ರೆಕಾರ್ಡರು.

ಇದರ ಬೇರು ಹಳೆಯದು. ಓದುಬರಹ ಬಾರದವರಿಗೂ ಕುಮಾರವ್ಯಾಸನನ್ನು ಮುಟ್ಟಿಸಿದವರು ಗಮಕಿಗಳು. ಹೊಸಗನ್ನಡಕ್ಕೆ ಆ ಕೆಲಸ ಮಾಡಿದವರಲ್ಲಿ ಪಿ. ಕಾಳಿಂಗರಾಯರು (1914–1981) ಮೊದಲಿಗರು. ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ಅವರು ಹಾಡಿದ್ದು ಬೇಂದ್ರೆ, ಕುವೆಂಪು, ರಾಜರತ್ನಂ ಪದ್ಯಗಳನ್ನು. ಆ ಕವಿಗಳು ಆಗಿನ್ನೂ ಬರೆಯುತ್ತಿದ್ದರು ಅನ್ನುವುದನ್ನು ಮರೆಯಬಾರದು. ಜನ ಕೇಳಿದ್ದು ತಮ್ಮ ಕಾಲದ ಕವಿಗಳನ್ನೇ.

ಆಮೇಲೆ ನವ್ಯ ಬಂತು. ಅಡಿಗರ ‘ಭೂಮಿಗೀತ’ (1959) ಹಾಡಿಕೊಳ್ಳುವ ಪುಸ್ತಕವಲ್ಲ, ಕೂತು ಓದಬೇಕಾದದ್ದು. ಸಾಮಾನ್ಯ ಓದುಗ ಕವಿತೆಗೆ ಹೆದರಿದ್ದು ಇಲ್ಲಿಂದಲೇ ಅಂತ ನನ್ನ ಅನಿಸಿಕೆ (ಬಿಕಾಂ ಓದಿದವನ ಅನಿಸಿಕೆ, ವಿಮರ್ಶಕರು ಬೈಯಬಹುದು). ನಿಸಾರ್ ಕೂಡ ಆ ಕಾಲದವರೇ. ಭೂವಿಜ್ಞಾನದ ಮೇಷ್ಟ್ರು, ಮೊದಲ ಸಂಕಲನ ‘ಮನಸು ಗಾಂಧಿಬಜಾರು’ 1960ರದ್ದು. ಅವರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತ ಅದಕ್ಕೆ ಹೆಸರು. ಪುಸ್ತಕ ಕೊಳ್ಳದವರೂ ಕ್ಯಾಸೆಟ್ ಕೊಂಡರು. ಹಿಂದೆಯೇ ಸಿ. ಅಶ್ವಥ್. 1942ರ ‘ಮೈಸೂರು ಮಲ್ಲಿಗೆ’ಯ ಪದ್ಯಗಳು ಐವತ್ತು ವರ್ಷದ ಮೇಲೆ ಅವರ ಸಂಗೀತದಲ್ಲಿ ಸಿನಿಮಾ ಹಾಡುಗಳಾದವು. ‘ಅಮೆರಿಕಾ ಅಮೆರಿಕಾ’ ಸಿನಿಮಾದಲ್ಲಿ ಅಡಿಗರ ಪದ್ಯವೇ ಹಾಡಾಯಿತು, ನೋಡಿ!

ಆದರೆ ಕ್ಯಾಸೆಟ್ ಆರಿಸಿಕೊಂಡದ್ದು ರಾಗಕ್ಕೆ ಒಗ್ಗುವ ಪದ್ಯಗಳನ್ನು. ನಿಸಾರ್ ಅಂದರೆ ನಾಡಿನ ಹಾಡು ಬರೆದವರು ಅಂತಷ್ಟೇ ಆಗಿಬಿಟ್ಟಿತು. ನಾಲ್ಕು ಜನರ ನಡುವೆ ಬದುಕಿಯೂ ಪೂರ್ತಿ ಅವರವನಾಗಲಾರದವನ ಸಂಕಟವನ್ನು ಅವರು ಬರೆದದ್ದು ಎಷ್ಟು ಜನಕ್ಕೆ ಗೊತ್ತು?

ನಾನಿರುವ ಮಲ್ಕಾಜ್‌ಗಿರಿಯಲ್ಲಿ ಇದು ಬರೀ ಸಾಹಿತ್ಯದ ಪ್ರಶ್ನೆಯಲ್ಲ. ಇಲ್ಲಿಯ ನಮ್ಮ ಮಕ್ಕಳಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರಿಗೆ ಕನ್ನಡ ಕವಿತೆ ಸಿಕ್ಕಿದರೆ ಕಿವಿಯಿಂದಲೇ ಸಿಗಬೇಕು. ಹಾಗಾಗಿ ಮನೆಗೆ ಬಂದವರಿಗೆ ಮೊದಲು ಹಾಡು ಕೇಳಿಸುತ್ತೇನೆ. ಮುಗಿದ ಮೇಲೆ ಅದೇ ಕವಿಯ, ರಾಗವಿಲ್ಲದ ಇನ್ನೊಂದು ಪದ್ಯವನ್ನು ಮಾತಿನ ಹಾಗೆ ಗಟ್ಟಿಯಾಗಿ ಓದುತ್ತೇನೆ. ಅರ್ಥ ಹೇಳುವುದಿಲ್ಲ, ಬೇಕಿದ್ದರೆ ಎರಡನೇ ಸಲ ಓದುತ್ತೇನೆ. ತೆಲುಗು ಕಲಿತ ಮಕ್ಕಳಿಗೆ ಪುಸ್ತಕವನ್ನೇ ಕೈಗೆ ಕೊಟ್ಟರೆ ಅರ್ಧ ಅಕ್ಷರ ತಾವೇ ಗುರುತಿಸುತ್ತಾರೆ.

ನಿಸಾರರ ಆ ಇನ್ನೊಂದು ಪದ್ಯ ಓದಿದ ದಿನ, ಮೂವತ್ತು ವರ್ಷದಿಂದ ಇಲ್ಲೇ ಇರುವ ರಾಯಚೂರಿನ ಸಹೋದ್ಯೋಗಿಯೊಬ್ಬರು ಸುಮ್ಮನೆ ಕೂತಿದ್ದರು. "ಇದು ನಮ್ಮ ಕಥೀನೇ ಅಲ್ರೀ?" ಅಂದವರೇ ಪುಸ್ತಕ ಎತ್ತಿಕೊಂಡು ಹೋದರು. ಇನ್ನೂ ವಾಪಸು ಬಂದಿಲ್ಲ. ನಾನೂ ವಸೂಲಿಗೆ ಹೋಗಿಲ್ಲ.