ಅಗ್ನಿಗೋಳ: ಬೆಳಕು ಮೊದಲು, ಸದ್ದು ಆಮೇಲೆ

2021ರ ಫೆಬ್ರವರಿ 28, ಭಾನುವಾರ. ರಾತ್ರಿ ಹತ್ತಕ್ಕೆ ಆರು ನಿಮಿಷವಿತ್ತು. ಕೋವಿಡ್ ವಾರ್ಡಿನ ಕೆಲಸ ಮುಗಿಸಿ, ಬರ್ಮಿಂಗ್‌ಹ್ಯಾಮಿನ ನಮ್ಮ ಮನೆಯೆದುರು ಕಾರಿನಿಂದ ಇಳಿಯುತ್ತಿದ್ದೆ. ದಕ್ಷಿಣದ ಆಕಾಶದಲ್ಲಿ ಬೆಳಕೊಂದು ಹೊತ್ತಿಕೊಂಡು, ಕ್ಷಣಕ್ಷಣಕ್ಕೂ ಉಜ್ವಲವಾಗುತ್ತ ಜಾರಿ, ಕಿಡಿಗಳನ್ನು ಉದುರಿಸಿ ಆರಿಹೋಯಿತು. ಎದುರುಬೀದಿಯ ಮರಗಳಾಚೆಯೇ ಬಿದ್ದಿತೆಂದು ಪ್ರಮಾಣ ಮಾಡಿ ಹೇಳುತ್ತಿದ್ದೆನೋ ಏನೋ.

ಅದು ಬಿದ್ದದ್ದು ಸುಮಾರು 60 ಕಿಲೋಮೀಟರ್ ದೂರದ ವಿಂಚ್‌ಕಂಬ್ ಎಂಬ ಊರಿನಲ್ಲಿ. ಮರುದಿನ ಬೆಳಗ್ಗೆ ಅಲ್ಲಿನ ಮನೆಯೊಂದರ ಮುಂದೆ, ಕಾರು ನಿಲ್ಲಿಸುವ ಜಾಗದಲ್ಲಿ, ಇದ್ದಿಲಿನಂತಹ ಕಪ್ಪು ಪುಡಿ ಚೆಲ್ಲಿತ್ತು. ಒಟ್ಟಾರೆ ಅರ್ಧ ಕಿಲೋಗ್ರಾಂಗಿಂತ ತುಸು ಹೆಚ್ಚು ದೊರೆತ ಆ ಶಿಲೆ ಇಂಗಾಲಯುಕ್ತ ಕಾಂಡ್ರೈಟ್ ಜಾತಿಯದು. ಬೀಳುವುದನ್ನು ಜನ ಕಂಡು, ಬಳಿಕ ಶಿಲೆಯೂ ಕೈಸೇರಿದ್ದು ಬ್ರಿಟನ್ನಿನಲ್ಲಿ 30 ವರ್ಷಗಳಲ್ಲಿ ಅದೇ ಮೊದಲು.

ಶುಕ್ರಗ್ರಹಕ್ಕಿಂತ ಪ್ರಕಾಶಮಾನವಾದ ಉಲ್ಕೆಗೆ ಅಗ್ನಿಗೋಳವೆಂದು ಹೆಸರು. ವಿಂಚ್‌ಕಂಬಿನ ಕಲ್ಲು ವಾಯುಮಂಡಲವನ್ನು ಹೊಕ್ಕಾಗ ಅದರ ವೇಗ ಸೆಕೆಂಡಿಗೆ ಸುಮಾರು 14 ಕಿಲೋಮೀಟರ್. ಅಂತಹ ವೇಗಕ್ಕೆ ಎದುರಿನ ಗಾಳಿ ಒತ್ತರಿಸಿ ಕಾಯುತ್ತದೆ, ಕಲ್ಲಿನ ಮೇಲ್ಮೈ ಕರಗಿ ಆವಿಯಾಗುತ್ತದೆ. ನೆಲದಿಂದ ಸುಮಾರು 27 ಕಿಲೋಮೀಟರ್ ಎತ್ತರದಲ್ಲೇ ಬೆಳಕು ನಂದಿತು. ಮುಂದಿನ ಪಯಣವೆಲ್ಲ ಕತ್ತಲಲ್ಲಿ. ‘ಮರಗಳಾಚೆ’ ಎಂಬುದು ಕಣ್ಣಿನ ಮೋಸ. ರೋಗಿಗಳ ಮಾತನ್ನು ಒರೆಹಚ್ಚಿ ನೋಡುವುದೇ ವೃತ್ತಿಯಾದ ನಾನೂ ಅದಕ್ಕೆ ಸಿಕ್ಕಿಬಿದ್ದೆ.

ಇನ್ನೊಂದು ಮೋಸವಿದೆ, ಅದು ಗಾಯ ಮಾಡುವಂಥದು. 2013ರ ಫೆಬ್ರವರಿ 15ರ ಬೆಳಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಬಳಿ, ಸುಮಾರು 20 ಮೀಟರ್ ಗಾತ್ರದ ಬಂಡೆ 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಯಾರೂ ಸಾಯಲಿಲ್ಲ. ಆದರೆ ಸುಮಾರು 1,500 ಮಂದಿ ಚಿಕಿತ್ಸೆಗೆ ಬಂದರು, ಬಹುಪಾಲು ಗಾಜಿನಿಂದಾದ ಗಾಯಗಳು. ಬೆಳಕು ಕಂಡೊಡನೆ ಜನ ಕುತೂಹಲದಿಂದ ಕಿಟಕಿಗೆ ಬಂದಿದ್ದರು. ಆಘಾತತರಂಗ ನಗರವನ್ನು ಮುಟ್ಟಿದ್ದು ಎರಡು ನಿಮಿಷಕ್ಕೂ ಹೆಚ್ಚು ಹೊತ್ತಿನ ಮೇಲೆ. ಶಬ್ದಕ್ಕೆ ಒಂದು ಕಿಲೋಮೀಟರ್ ಕ್ರಮಿಸಲು ಸುಮಾರು ಮೂರು ಸೆಕೆಂಡು ಬೇಕು, ಮಿಂಚು ಗುಡುಗಿನ ಲೆಕ್ಕವೇ. ಶಾಲೆಯೊಂದರ ಶಿಕ್ಷಕಿ ಮಕ್ಕಳನ್ನೆಲ್ಲ ಮೇಜಿನಡಿ ಕೂರಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ, ನಿಂತೇ ಇದ್ದ ಅವರ ಕೈಗೆ ಗಾಜು ಹೊಕ್ಕಿತು.

ಆದ್ದರಿಂದ ಹಗಲಿನಂತೆ ಬೆಳಗುವ ಅಗ್ನಿಗೋಳ ಕಂಡರೆ ಗಾಜಿನಿಂದ ದೂರ ಸರಿದು ಕೆಲವು ನಿಮಿಷ ಕಾಯಬೇಕು. ಬಳಿಕ ನಿಂತ ಜಾಗ, ದಿಕ್ಕು, ಸೆಕೆಂಡುಗಳ ಅಂದಾಜನ್ನು, ಇತರರ ಮಾತು ಕಿವಿಗೆ ಬೀಳುವ ಮೊದಲೇ, ಬರೆದಿಟ್ಟುಕೊಳ್ಳಬೇಕು. ಅಂದು ನಾನು ಮಾಡಿದ್ದು ಬೇರೆಯೇ: ಒಳಗೆ ಓಡಿ, ಹೆಂಡತಿಯನ್ನು ಕೂಗಿ ಕರೆದು, ದಕ್ಷಿಣದ ದೊಡ್ಡ ಕಿಟಕಿಯ ಮುಂದೆ ನಿಲ್ಲಿಸಿದ್ದೆ.