ಹಿರಿಯ ಒಳರೋಗಿಗಳಲ್ಲಿ ಪ್ರತಿಕೂಲ ಘಟನೆಗಳ ಆರ್ಥಿಕ ಹೊರೆ

ಆಸ್ಪತ್ರೆಗೆ ದಾಖಲಾದ ವೃದ್ಧರಿಗೆ ಮೂಲ ಕಾಯಿಲೆಯಿಂದಲ್ಲದೆ ಚಿಕಿತ್ಸೆ ಅಥವಾ ಆರೈಕೆಯಿಂದ ಉಂಟಾಗುವ ಹಾನಿಯನ್ನು ಪ್ರತಿಕೂಲ ಘಟನೆ ಎನ್ನುತ್ತಾರೆ. ಬಿದ್ದು ಮೂಳೆ ಮುರಿಯುವುದು, ಹಾಸಿಗೆ ಹುಣ್ಣು, ಆಸ್ಪತ್ರೆಯಲ್ಲಿ ತಗಲುವ ಸೋಂಕು ಮತ್ತು ಔಷಧಗಳ ದುಷ್ಪರಿಣಾಮ ಇವುಗಳಲ್ಲಿ ಮುಖ್ಯವಾದವು.

ವೆಚ್ಚದ ಸ್ವರೂಪ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೈಕೆಯ ವೇಳೆ ಸುಮಾರು 10 ರೋಗಿಗಳಲ್ಲಿ ಒಬ್ಬರು ಹಾನಿಗೊಳಗಾಗುತ್ತಾರೆ. ಇದರಲ್ಲಿ ಅರ್ಧದಷ್ಟು ಹಾನಿಯನ್ನು ತಡೆಯಬಹುದು. ಸದಸ್ಯ ರಾಷ್ಟ್ರಗಳಲ್ಲಿ ಆಸ್ಪತ್ರೆ ವೆಚ್ಚದ ಸುಮಾರು 15% ಇಂತಹ ಹಾನಿಗಳಿಗೆ ವ್ಯಯವಾಗುತ್ತದೆ ಎಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 2017ರಲ್ಲಿ ಅಂದಾಜಿಸಿತು. ವೃದ್ಧರು ಚೇತರಿಸಿಕೊಳ್ಳಲು ಹೆಚ್ಚು ದಿನ ಬೇಕಾಗುವುದರಿಂದ ಹಾಸಿಗೆ, ಔಷಧ ಮತ್ತು ತಪಾಸಣೆಯ ಖರ್ಚು ಏರುತ್ತದೆ.

ಕರ್ನಾಟಕದಲ್ಲಿ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುತ್ತದೆ. ಪಾವತಿಯು ಚಿಕಿತ್ಸೆವಾರು ನಿಗದಿತ ದರದಲ್ಲಿ ನಡೆಯುತ್ತದೆ. ಆದರೆ ಜೊತೆಗಿರುವವರ ಕೂಲಿ ನಷ್ಟ, ಊಟ ಮತ್ತು ಓಡಾಟದ ಖರ್ಚು ಕುಟುಂಬದ ಮೇಲೆಯೇ ಬೀಳುತ್ತದೆ. ಜಗಳೂರು ತಾಲ್ಲೂಕಿನ ಬಿಳಿಚೋಡಿನಂತಹ ಊರುಗಳಿಂದ ಹೆಚ್ಚಿನ ಚಿಕಿತ್ಸೆಗೆ ದಾವಣಗೆರೆಗೆ ಹೋಗುವವರಿಗೆ ಆಸ್ಪತ್ರೆವಾಸ ಒಂದೊಂದು ದಿನ ಹೆಚ್ಚಿದಂತೆ ಈ ಹೊರೆಯೂ ಬೆಳೆಯುತ್ತದೆ. ಆಸ್ಪತ್ರೆಯ ಲೆಕ್ಕಪತ್ರದಲ್ಲಿ ಇದು ದಾಖಲಾಗುವುದಿಲ್ಲ.

ತಡೆಗಟ್ಟುವಿಕೆ

ಕೈ ತೊಳೆಯುವುದು, ಮಲಗಿದವರ ಮಗ್ಗುಲು ಬದಲಿಸುವುದು, ಬೀಳುವ ಅಪಾಯವನ್ನು ಮೊದಲೇ ಗುರುತಿಸುವುದು, ಔಷಧಪಟ್ಟಿ ಪರಿಶೀಲಿಸುವುದು ಕಡಿಮೆ ಖರ್ಚಿನ ಕ್ರಮಗಳು. ಅಮೆರಿಕದ ಮೆಡಿಕೇರ್ ಯೋಜನೆಯು ಆಸ್ಪತ್ರೆಯಲ್ಲೇ ಉಂಟಾದ ತೀವ್ರ ಹಾಸಿಗೆ ಹುಣ್ಣು, ಬಿದ್ದ ಗಾಯ ಮುಂತಾದವುಗಳಿಗೆ ಹೆಚ್ಚುವರಿ ಹಣ ನೀಡುವುದನ್ನು 2008ರಲ್ಲಿ ನಿಲ್ಲಿಸಿತು.