ಬಾನುಲಿಯಲ್ಲಿ ಅರಳಿದ ನಗೆ

ಕಣ್ಣರಳಿಸುವುದು, ಬಾಯಿ ಬಿಟ್ಟು ಅಳುವುದು, ದ್ರಾಕ್ಷಿಯ ತೊಟ್ಟಿಯಲ್ಲಿ ಬರಿಗಾಲಲ್ಲಿ ಕುಣಿಯುವುದು: ಅಮೆರಿಕದ ನಟಿ ಲೂಸಿಲ್ ಬಾಲ್ ಜನರನ್ನು ನಗಿಸಿದ್ದು ಹೀಗೆ. ಎಲ್ಲವೂ ಕಣ್ಣಾರೆ ಕಾಣಬೇಕಾದ ಹಾಸ್ಯ. ಆದರೆ ವಾಚಕರೆ, ಈ ಹಾಸ್ಯ ಅರಳಿದುದು ಚಿತ್ರಮಂದಿರದಲ್ಲಲ್ಲ, ಬಾನುಲಿಯಲ್ಲಿ ಎಂದರೆ ನಂಬುವಿರಾ?

1911ರ ಆಗಸ್ಟ್ 6ರಂದು ನ್ಯೂಯಾರ್ಕ್ ಸಂಸ್ಥಾನದ ಜೇಮ್ಸ್‌ಟೌನ್ ಎಂಬ ಊರಿನಲ್ಲಿ ಲೂಸಿಲ್ ಜನಿಸಿದರು. ಮೂರು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಮುಂದೆ ನಾಟಕ ಶಾಲೆ ಸೇರಿದಾಗ, ಈ ಹುಡುಗಿಗೆ ಇದು ಒಗ್ಗುವ ವಿದ್ಯೆಯಲ್ಲವೆಂದು ಗುರುಗಳು ಹೇಳಿಬಿಟ್ಟರು. 1933ರಲ್ಲಿ ಹಾಲಿವುಡ್ ಸೇರಿ, ಮೊದಮೊದಲು ಹೆಸರಿಲ್ಲದ ಚಿಕ್ಕ ಪಾತ್ರಗಳಲ್ಲಿ, ಅನಂತರ ಆರ್.ಕೆ.ಓ. ಮತ್ತು ಎಂ.ಜಿ.ಎಂ. ಸಂಸ್ಥೆಗಳ ಸಂಬಳದ ನಟಿಯಾಗಿ ಹತ್ತಾರು ಚಿತ್ರಗಳಲ್ಲಿ ದುಡಿದರು. ಕೆಲಸಕ್ಕೆ ಕೊರತೆಯಿರಲಿಲ್ಲ, ಆದರೆ ಆಕೆಯ ನಿಜವಾದ ಶಕ್ತಿ ಯಾವುದೆಂಬುದು ಚಿತ್ರ ತಯಾರಿಸುವವರಿಗೆ ಹೊಳೆಯಲಿಲ್ಲ.

1948ರಲ್ಲಿ ಸಿ.ಬಿ.ಎಸ್. ಬಾನುಲಿ ಸಂಸ್ಥೆ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ಸಂಸಾರ ಪ್ರಹಸನಕ್ಕೆ ಆಕೆಯನ್ನು ಕರೆಯಿತು. ಅದನ್ನು ಸಭಿಕರ ಮುಂದೆ ಆಡಬೇಕಾಗಿತ್ತು. ಆಕೆ ಹಾಳೆಗೇ ಅಂಟಿಕೊಂಡಿರುವುದನ್ನು ಕಂಡ ಬರಹಗಾರ ಜೆಸ್ ಓಪನ್‌ಹೈಮರ್, ಜಾಕ್ ಬೆನ್ನಿ ಎಂಬ ಹಾಸ್ಯಗಾರರ ಬಾನುಲಿ ಕಾರ್ಯಕ್ರಮವನ್ನು ನೋಡಿಬರುವಂತೆ ಕಳುಹಿಸಿಕೊಟ್ಟರು. ಬೆನ್ನಿ ಮೈಕಿನ ಮುಂದೆಯೂ ಬರಿಯ ದನಿಯಿಂದ ನಗಿಸುವವರಲ್ಲ. ಲೂಸಿಲ್ ಪಾಠ ಕಲಿತು ಬಂದರು. ಮುಂದೆ ಆಕೆ ಮೈಕಿನೆದುರು ಮುಖ ಸೊಟ್ಟಗೆ ಮಾಡಿದರೆ ಸಭಿಕರು ನಕ್ಕರು. ಆ ನಗೆಯನ್ನು ಕೇಳಿ ಮನೆಯಲ್ಲಿದ್ದ ಶ್ರೋತೃಗಳೂ ನಕ್ಕರು.

ಈ ಬಗೆಯ ಪ್ರಹಸನವನ್ನು ಟೆಲಿವಿಷನ್ನಿಗೆ ತರೋಣವೆಂದು ಸಿ.ಬಿ.ಎಸ್. ಹೇಳಿದಾಗ, ಗಂಡನ ಪಾತ್ರಕ್ಕೆ ತಮ್ಮ ಪತಿಯೇ ಬೇಕೆಂದು ಲೂಸಿಲ್ ಪಟ್ಟು ಹಿಡಿದರು. ಆತ ಕ್ಯೂಬಾದ ಗಾಯಕ ಡೆಸಿ ಆರ್ನಾಜ್. ವಾದ್ಯಮೇಳ ಕಟ್ಟಿಕೊಂಡು ಊರೂರು ಸುತ್ತುವವರು. ಒಟ್ಟಿಗೆ ದುಡಿದರೆ ಸಂಸಾರ ಒಂದೆಡೆ ನೆಲೆನಿಂತೀತೆಂಬುದು ಆಕೆಯ ಆಸೆ. ಅಮೆರಿಕದ ಹೆಣ್ಣಿಗೆ ಕ್ಯೂಬಾದ ಗಂಡನನ್ನು ಜನ ಒಪ್ಪಲಾರರೆಂದು ಸಂಸ್ಥೆ ಅಂಜಿತು. ದಂಪತಿಗಳು 1950ರಲ್ಲಿ ಊರೂರಿನ ರಂಗದ ಮೇಲೆ ಒಟ್ಟಿಗೆ ಆಡಿ, ಒಪ್ಪುವರೆಂದು ತೋರಿಸಿಕೊಟ್ಟರು.

1951ರ ಅಕ್ಟೋಬರ್ 15ರಂದು ‘ಐ ಲವ್ ಲೂಸಿ’ ಆರಂಭವಾಯಿತು. ಮೂರು ಕ್ಯಾಮರಾಗಳಿಂದ ಫಿಲ್ಮಿನ ಮೇಲೆ ಚಿತ್ರೀಕರಿಸುವಾಗಲೂ ಎದುರಿಗೆ ಸುಮಾರು 300 ಸಭಿಕರು ಕುಳಿತಿರುತ್ತಿದ್ದರು. ಬಾನುಲಿಯ ಪಾಠವನ್ನು ಆಕೆ ಬಿಡಲಿಲ್ಲ. ಫಿಲ್ಮಿನ ಹೆಚ್ಚಿನ ವೆಚ್ಚಕ್ಕಾಗಿ ದಂಪತಿಗಳು ಸಂಬಳ ತಗ್ಗಿಸಿಕೊಂಡು, ಪ್ರತಿಯಾಗಿ ಫಿಲ್ಮಿನ ಒಡೆತನ ಪಡೆದರು. ಕಥೆಯಲ್ಲಿ ಲೂಸಿ ಬಸುರಿಯಾದಾಗ ‘ಗರ್ಭಿಣಿ’ ಎಂಬ ಮಾತನ್ನೇ ಆಡುವಂತಿರಲಿಲ್ಲ! ಆದರೂ 1953ರ ಜನವರಿ 19ರಂದು ತೆರೆಯ ಮೇಲೆ ಮಗು ಹುಟ್ಟಿದುದನ್ನು ಸುಮಾರು 4 ಕೋಟಿ 40 ಲಕ್ಷ ಜನ ನೋಡಿದರು. ಅದೇ ದಿನ ಆಸ್ಪತ್ರೆಯಲ್ಲಿ ಆಕೆಗೆ ನಿಜವಾಗಿಯೂ ಗಂಡುಮಗುವಾಗಿತ್ತು.

ದಂಪತಿಗಳ ಡೆಸಿಲು ಸಂಸ್ಥೆಯು, ಆಕೆ ಒಮ್ಮೆ ಸಂಬಳಕ್ಕೆ ದುಡಿದ ಆರ್.ಕೆ.ಓ. ಸ್ಟುಡಿಯೋವನ್ನೇ 1957ರಲ್ಲಿ ಕೊಂಡಿತು. ಆದರೆ ಯಾವುದನ್ನು ಉಳಿಸಿಕೊಳ್ಳಲು ಹೊರಟಿದ್ದರೋ ಆ ಸಂಸಾರ 1960ರಲ್ಲಿ ಮುರಿಯಿತು. 1962ರಲ್ಲಿ ಪತಿಯ ಪಾಲನ್ನೂ ಕೊಂಡು ಆಕೆಯೇ ಸಂಸ್ಥೆಯ ಯಜಮಾನಿಯಾದರು. 1966ರಲ್ಲಿ ಬಂದ ‘ಸ್ಟಾರ್ ಟ್ರೆಕ್’ ಅಲ್ಲಿಯೇ ತಯಾರಾದುದು. 1967ರಲ್ಲಿ ಸಂಸ್ಥೆಯನ್ನು ಮಾರಿದ ಮೇಲೂ ನಟನೆಯನ್ನು ಬಿಡಲಿಲ್ಲ. 1989ರ ಏಪ್ರಿಲ್ 26ರಂದು ತೀರಿಕೊಂಡರು.

ಆ ಫಿಲ್ಮುಗಳು ಉಳಿದಿವೆ. ನೋಡುವ ಅವಕಾಶ ದೊರೆತರೆ, ಒಂದು ಗಳಿಗೆ ಕಣ್ಣು ಮುಚ್ಚಿ ಕೇಳಿರಿ. ಅಂದಿನ ಸಭಿಕರ ನಗೆ ಅಲ್ಲಿದೆ. ಆ ನಗೆಗಾಗಿಯೇ ಆಕೆ ಮೊದಲು ಹಾಳೆಯಿಂದ ಕಣ್ಣೆತ್ತಿದ್ದು, ಬಾನುಲಿಯ ಮೈಕಿನ ಮುಂದೆ.